ಉತಾರದ ದಫ್ತರ

ನೇಸರಗಿಯ ರೈತನಿಗೆ ಹೊಲವೆಷ್ಟು ಮುಖ್ಯವೋ ಅದರ ಉತಾರವೂ ಅಷ್ಟೇ ಮುಖ್ಯ. ಹೊಲ ಕಣ್ಣ ಮುಂದೆ ಬಿದ್ದಿರುತ್ತದೆ. ಉತಾರ ಎಲ್ಲಿರುತ್ತದೆ, ಯಾರ ಕೈಯಲ್ಲಿರುತ್ತದೆ ಎಂಬುದಕ್ಕೆ ಮಾತ್ರ ಒಂದು ಇತಿಹಾಸವೇ ಉಂಟು.

ಊರಿನಲ್ಲಿ ರಟ್ಟರ ಕಾಲದ, 13ನೆಯ ಶತಮಾನದ ಶಾಸನವಿದೆ. ದತ್ತಿಯನ್ನು ಕಲ್ಲಿನ ಮೇಲೆ ಕೊರೆದರೆ ಬಚ್ಚಿಡುವಂತಿಲ್ಲ. ಓದಬಲ್ಲವರು ಯಾರೂ ಓದಬಹುದು. ಮುಂದೆ ಲೆಕ್ಕವು ಕಾಗದಕ್ಕಿಳಿಯಿತು. ಮುಂಬಯಿ ಇಲಾಖೆಯ ಕಾಲದಲ್ಲಿ ನೇಸರಗಿ ಸಂಪಗಾವಿ ತಾಲೂಕಿನ ಊರು. ಊರ ಲೆಕ್ಕ ವಂಶಪರಂಪರೆಯ ಕುಲಕರ್ಣಿಯದು. ಬಟ್ಟೆಯಲ್ಲಿ ಗಂಟು ಕಟ್ಟಿದ ದಫ್ತರಕ್ಕೆ ಗೆದ್ದಲಿನ ಭಯ, ಮಳೆಯ ಭಯ. ರೈತನಿಗೋ ಗಂಟು ಬಿಚ್ಚುವವರ ಮರ್ಜಿಯ ಭಯ! 1950ರ ಕಾಯಿದೆ ಕುಲಕರ್ಣಿ ವತನವನ್ನು ರದ್ದುಮಾಡಿತು. ದಫ್ತರ ಸಂಬಳದ ತಲಾಠಿಯ ಕೈಗೆ ಬಂತು. ಕೈ ಬದಲಾಯಿತು, ಗಂಟು ಹಾಗೆಯೇ ಉಳಿಯಿತು.

ಅದನ್ನು ಬಿಚ್ಚಿದ್ದು ‘ಭೂಮಿ’ ಯೋಜನೆ. 2000ದ ಆಚೀಚೆಯ ಕೆಲವೇ ವರ್ಷಗಳಲ್ಲಿ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ತಾಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಉತಾರ ಸಿಕ್ಕುತ್ತಿತ್ತು, ಕೈಬರಹದ್ದು ನಡೆಯದಾಯಿತು. ಹಿಂದೆ ಹೆಬ್ಬೆಟ್ಟು ಒತ್ತುವವನು ರೈತ. ಈಗ ದಾಖಲೆ ಮುಟ್ಟುವ ಮೊದಲು ಅಧಿಕಾರಿಯೇ ಯಂತ್ರದ ಮೇಲೆ ಬೆರಳೊತ್ತಬೇಕಾಯಿತು.

ಮೊದಲು ತಾಲೂಕಿಗೊಂದು ಯಂತ್ರವಿತ್ತು. ಅನಂತರ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು. ಬೈಲಹೊಂಗಲದಲ್ಲಿ ಕುಳಿತು ಬೆಂಗಳೂರಿನ ಕಡತ ಓದುವುದು ಹೇಗೆ ಎನ್ನುವಿರಾ? ಕೆಲಸದ ಯಂತ್ರ ಬೇರೆ, ಕಾಯುವ ಯಂತ್ರ ಬೇರೆ ಎಂಬ ವಿಚಾರ ಅದಾಗಲೇ ಬೆಳೆದಿತ್ತು. ಒಂದು ಯಂತ್ರದ ಕಡತವನ್ನು ಇನ್ನೊಂದು ಯಂತ್ರ ತಂತಿಯ ಮೂಲಕ ಓದುವ ಒಂದು ಪದ್ಧತಿಯನ್ನು ಅಮೆರಿಕದ ಸನ್ ಕಂಪನಿ 1984ರಲ್ಲಿ ರೂಪಿಸಿತು. 1992ರಲ್ಲಿ ಹುಟ್ಟಿದ ನೆಟ್‌ಆ್ಯಪ್ ಕಂಪನಿಯು ಕಡತ ಕಾಯುವುದೊಂದನ್ನೇ ಬಲ್ಲ ಪೆಟ್ಟಿಗೆಗಳನ್ನು ಮಾಡಿತು. ರೊಟ್ಟಿ ಸುಡುವುದೊಂದೇ ಕೆಲಸದ ಟೋಸ್ಟರಿನ ಹೆಸರೇ ಅವಕ್ಕೆ ಅಡ್ಡಹೆಸರಾಯಿತು. ಈ ಪೆಟ್ಟಿಗೆ ಬರೆದುದರ ಮೇಲೆ ಬರೆಯದು. ಖಾಲಿ ಜಾಗದಲ್ಲಿ ಹೊಸದಾಗಿ ಬರೆಯುತ್ತದೆ. ಹೀಗಾಗಿ ಹಿಂದಿನ ಪ್ರತಿಯನ್ನು ಉಳಿಸಿಕೊಳ್ಳಬಹುದು. ಕೆರೆದು ಅಳಿಸಬಾರದು, ಗೆರೆ ಹೊಡೆದು ಪಕ್ಕದಲ್ಲಿ ಬರೆಯಬೇಕು ಎಂಬ ನಮ್ಮ ಲೆಕ್ಕದ ಪುಸ್ತಕದ ಹಳೆಯ ಕಟ್ಟಳೆಯೂ ಇದೇ ಅಲ್ಲವೇ?

ಆದರೆ ಯಾವ ಪೆಟ್ಟಿಗೆಯೂ ಕೊಟ್ಟದ್ದನ್ನಷ್ಟೇ ಕಾಯಬಲ್ಲದು. ಕೈಬರಹದಲ್ಲಿ ತಪ್ಪಿದ್ದ ಹೆಸರು ಯಂತ್ರದೊಳಕ್ಕೂ ನಡೆದುಬಂದಿರಬಹುದು. ತೀರಿಹೋದ ಅಜ್ಜ ಉತಾರದಲ್ಲಿ ಇನ್ನೂ ಉಳುತ್ತಿರಬಹುದು. ವಾಚಕರೇ, ನಿಮ್ಮ ಉತಾರವನ್ನು ತರಿಸಿ ಹೆಸರು, ಸರ್ವೆ ನಂಬರು, ಕ್ಷೇತ್ರಗಳನ್ನು ಓದಿ ನೋಡಿರಿ. ತಪ್ಪಿದ್ದರೆ ತಿದ್ದುಪಡಿಗೆ ತಾಲೂಕು ಕಚೇರಿಗೆ ಅರ್ಜಿ ಕೊಡಬೇಕು. ಅಜ್ಜನ ಹೆಸರಿದ್ದರೆ ವಾರಸಾ ಹಚ್ಚಿಸಬೇಕು.