ಪತ್ರಿಕೆಯ ಸಿ.ಡಿ.ಯಿಂದ ಸಮುದಾಯದ ಭಂಡಾರಕ್ಕೆ

ನಾನು ದೆಹಲಿಗೆ ಬಂದ ಕಾಲದಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ನಮ್ಮ ಕೈಗೆ ಬರುತ್ತಿದ್ದುದು ಪತ್ರಿಕೆಯ ಜೊತೆಗಿನ ಸಿ.ಡಿ.ಯಲ್ಲಿ. ‘ಪಿಸಿ ಕ್ವೆಸ್ಟ್’ 1996ರಲ್ಲೇ ಅಂಥ ಸಿ.ಡಿ. ಹಂಚಿತ್ತು, ಆ ಪ್ರಯತ್ನದ ಹಿಂದೆ ನಮ್ಮ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು. 2003ರಲ್ಲಿ ದೆಹಲಿಯಿಂದಲೇ ‘ಲಿನಕ್ಸ್ ಫಾರ್ ಯು’ ಪತ್ರಿಕೆ ಹೊರಟಿತು. ಡಯಲ್-ಅಪ್ ದಿನಗಳಲ್ಲಿ ಆ ಸಿ.ಡಿ.ಗಳೇ ನಮ್ಮ ಗ್ರಂಥಾಲಯ. ಏನು ಹಾಕಬೇಕು, ಏನು ಬಿಡಬೇಕು ಎಂಬ ಹೊಣೆಯನ್ನು ಸಂಪಾದಕರು ಹೊತ್ತಿದ್ದರು.

ಬ್ರಾಡ್‌ಬ್ಯಾಂಡ್ ಬಂದ ಮೇಲೆ ಆ ಹೊಣೆ ನಮ್ಮ ಹೆಗಲಿಗೆ ಬಂತು. 2002ರಲ್ಲಿ ಜಡ್ ವಿನೆಟ್ ಆರಂಭಿಸಿದ ಆರ್ಚ್ ಲಿನಕ್ಸ್ ಎಂಬ ಲಿನಕ್ಸ್ ಆವೃತ್ತಿಗೆ 2005ರಲ್ಲಿ ಬಳಕೆದಾರರದೇ ಭಂಡಾರ, ಎಯುಆರ್, ಸೇರಿತು. ಅಲ್ಲಿರುವುದು ಸಿದ್ಧ ತಂತ್ರಾಂಶವಲ್ಲ. ಅದನ್ನು ಕಟ್ಟುವ ಕ್ರಮ ಬರೆದ ‘ಪಿಕೆಜಿಬಿಲ್ಡ್’ ಕಡತ. ಖಾತೆ ತೆರೆದ ಯಾರಾದರೂ ಅಂಥ ಕಡತವನ್ನು ಸೇರಿಸಬಹುದು.

ಈ ಮುಕ್ತತೆಯನ್ನು ದುರುಪಯೋಗಪಡಿಸಿಕೊಂಡವರೂ ಇದ್ದಾರೆ. 2018ರಲ್ಲಿ ನೋಡಿಕೊಳ್ಳುವವರಿಲ್ಲದ, ಪಿಡಿಎಫ್ ಓದುವ ‘ಆಕ್ರೋರೀಡ್’ ಪ್ಯಾಕೇಜನ್ನು ಒಬ್ಬ ವಹಿಸಿಕೊಂಡು ದುಷ್ಟ ಸಾಲುಗಳನ್ನು ಸೇರಿಸಿದ. 2025ರ ಜುಲೈನಲ್ಲಿ ಬ್ರೌಸರ್‌ಗಳ ಹೆಸರು ಹೊತ್ತ ಮೂರು ಪ್ಯಾಕೇಜುಗಳಲ್ಲಿ ದೂರದಿಂದ ಕಂಪ್ಯೂಟರನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಕುತಂತ್ರಾಂಶ ಸಿಕ್ಕಿತು. ಸ್ವಯಂಸೇವಕರು ಎರಡು ಸಲವೂ ಅವನ್ನು ಕಿತ್ತುಹಾಕಿದರು.

ಹಾಗಾಗಿ ನೋಯ್ಡಾದ ಕಿರಿಯ ಗೆಳೆಯರಿಗೆ ನಾನು ಹೇಳುವುದಿಷ್ಟು: ಪಿಕೆಜಿಬಿಲ್ಡ್ ಓದಿ, ಮೂಲದ ವಿಳಾಸ ಮೂಲ ಯೋಜನೆಯದೇ ಎಂದು ನೋಡಿ, ಅನುಸ್ಥಾಪನೆಯ ಕಡತವನ್ನೂ ಬಿಚ್ಚಿ ನೋಡಿ, ಪ್ರತಿ ಅಪ್‌ಡೇಟಿನಲ್ಲೂ ಬದಲಾದ ಸಾಲುಗಳನ್ನು ಪರೀಕ್ಷಿಸಿ. ಕಡತದಿಂದ ಲೆಕ್ಕಹಾಕಿದ ಗುರುತು, ಅಂದರೆ ಚೆಕ್‌ಸಮ್, ತಾಳೆಯಾದರೆ ಕಡತ ಬದಲಾಗಿಲ್ಲ ಎಂದಷ್ಟೇ ಅರ್ಥ. ಬರೆದವರ ಪ್ರಾಮಾಣಿಕತೆಗೆ ಅದು ಸಾಕ್ಷಿಯಲ್ಲ. ಸಮುದಾಯ ಕೊಟ್ಟದ್ದನ್ನು ಓದಿ ಬಳಸುವುದೇ ನಾವು ಸಮುದಾಯಕ್ಕೆ ಸಲ್ಲಿಸುವ ಮೊದಲ ಸೇವೆ.