ಎರಡೂ ಬದಿಯ ಕಸೂತಿ

1956ರ ನವೆಂಬರ್ 1ರವರೆಗೆ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು. ಆ ಕಾಲದಲ್ಲಿ ಅವ್ವ ಮದುವೆಯಲ್ಲಿ ಉಟ್ಟ ಕಪ್ಪು ಚಂದ್ರಕಾಳಿ ಸೀರೆ ಈಗ ಮುಂಬಯಿಯ ನಮ್ಮ ಮನೆಯ ಟ್ರಂಕಿನಲ್ಲಿದೆ. ಅದರ ಮೇಲೆ ಅಜ್ಜಿ ಎಳೆ ಎಣಿಸಿ ಹಾಕಿದ ಕಸೂತಿ: ಗೋಪುರ, ತೇರು, ಆನೆ, ತುಳಸಿಕಟ್ಟೆ. ಊರಲ್ಲಿ ದಿನಾ ಕಣ್ಣಿಗೆ ಬೀಳುತ್ತಿದ್ದವೇ ಇವೆಲ್ಲ. ಗಂಟಿಲ್ಲದ ಗಾವಂತಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣುತ್ತದೆ.

ಬ್ಯಾಂಕಿನಲ್ಲಿ ಬಂಗಾರ ತೂಗಿಸಿ ಸಾಲ ಕೊಟ್ಟವನು ನಾನು. ಈ ಸೀರೆಗೆ ಯಾರೂ ನಯಾಪೈಸೆ ಸಾಲ ಕೊಡಲಿಕ್ಕಿಲ್ಲ. ಮಡಿಕೆಗಳಲ್ಲಿ ಬಟ್ಟೆ ಹರೀಲಿಕ್ಕೆ ಹತ್ತಿದೆ. ಸೆರಗು ಕತ್ತರಿಸಿ ಫ್ರೇಮು ಹಾಕಿಸೋಣ ಎಂದಳು ಮಗಳು. ಬ್ಯಾಡವ್ವಾ ಎಂದೆ. ಫ್ರೇಮಿನಲ್ಲಿ ಒಂದೇ ಬದಿ ಕಾಣುತ್ತದೆ. ಅಜ್ಜಿಯ ಕೈಗುಣ ಹಿಂಬದಿಯಲ್ಲೂ ಇದೆ. ಕನ್ನಡ ಓದಲು ಬಾರದ ಮೊಮ್ಮಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು: “ಅಜ್ಜಾ, ಇದರಾಗ ಉಲ್ಟಾ ಯಾವ್ದು?”