ಹುಳಿಯೆಲ್ಲ ಒಂದೇ ಅಲ್ಲ: ನಿಂಬೆ, ಮುರುಗಲು ಮತ್ತು ಉಪ್ಪಾಗೆಯ ಚರಿತ್ರೆ

ಬೇಸಿಗೆ ಬಂತೆಂದರೆ ಶಿಕಾರಿಪುರ, ಸೊರಬ ಸೀಮೆಯ ಮನೆಗಳಲ್ಲಿ ಪಾನಕ, ಶರಬತ್ತುಗಳ ಕಾಲ. ರಾಮನವಮಿಗೆ ಬೆಲ್ಲ, ನಿಂಬೆ, ಏಲಕ್ಕಿ, ಕಾಳುಮೆಣಸು ಬೆರೆಸಿದ ಪಾನಕ ಸಿದ್ಧವಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಕಾಡಿನಂಚಿನ ಮುಳ್ಳುಕಂಟಿಗಳಲ್ಲಿ ಕವಳಿ ಹಣ್ಣು ಕಪ್ಪಾಗುತ್ತದೆ, ಮುರುಗಲು ಕೆಂಪೇರುತ್ತದೆ. ಮಳೆ ಹಿಡಿಯುವ ಹೊತ್ತಿಗೆ ನೇರಳೆ ಉದುರತೊಡಗುತ್ತದೆ. ಇವೆಲ್ಲದರ ರುಚಿಯನ್ನು ನಾವು 'ಹುಳಿ-ಸಿಹಿ' ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ನಿಂಬೆಯ ಹುಳಿ ಬೇರೆ, ಉಪ್ಪಾಗೆ-ಮುರುಗಲುಗಳ ಹುಳಿ ಬೇರೆ. ಮೊದಲನೆಯದರ ಗುಟ್ಟು ತಿಳಿದದ್ದು 1784ರಲ್ಲಿ. ಎರಡನೆಯದು ತಿಳಿದದ್ದು 1965ರಲ್ಲಿ, ನಮ್ಮ ಮೈಸೂರಿನಲ್ಲಿ. ಈ ನಡುವಿನ ಕಥೆಯನ್ನು ನೀವು ತಿಳಿಯಬೇಕು. ಏಕೆಂದರೆ 'ಹುಳಿಯೆಲ್ಲ ಒಂದೇ' ಎಂಬ ನಂಬಿಕೆಯಿಂದ ಜನ ಕಾಯಿಲೆ ಬಿದ್ದದ್ದೂ ಉಂಟು.

ಮೊದಲು ಒಂದು ಸಸ್ಯಶಾಸ್ತ್ರದ ಮಾತು. ಒಂದೇ ಹೂವಿನ ಅಂಡಾಶಯದಿಂದ ಬೆಳೆದು, ಗಟ್ಟಿ ಓಟೆಯಿಲ್ಲದೆ ತಿರುಳಿನಿಂದ ತುಂಬಿದ ಹಣ್ಣನ್ನು ಸಸ್ಯಶಾಸ್ತ್ರಜ್ಞರು 'ಬೆರ್ರಿ' ಎನ್ನುತ್ತಾರೆ. ಈ ಲೆಕ್ಕದಲ್ಲಿ ಕವಳಿ, ಮುರುಗಲು, ಉಪ್ಪಾಗೆ, ನೇರಳೆ ಎಲ್ಲವೂ ಬೆರ್ರಿಗಳೇ. ದಪ್ಪ ಸಿಪ್ಪೆಯ, ತೊಳೆಗಳುಳ್ಳ ನಿಂಬೆಯೂ ಒಂದು ವಿಶೇಷ ಬಗೆಯ ಬೆರ್ರಿ. ಹೆಸರಿನಲ್ಲೇ ಬೆರ್ರಿಯನ್ನು ಹೊತ್ತ ಸ್ಟ್ರಾಬೆರ್ರಿ ಮಾತ್ರ ಬೆರ್ರಿಯಲ್ಲ!

ಅಡುಗೆಮನೆಯ ರಸಾಯನಶಾಸ್ತ್ರ

ಹುಳಿಹಣ್ಣಿನ ಪಾನಕ ನಮ್ಮಲ್ಲಿ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ದೊಡ್ಡ ಪಟ್ಟಣವಾಗಿತ್ತು. ಅದೇ ವಂಶದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಪಾನಕಗಳ ವಿಚಾರವಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಷಟ್ಪದಿಯಲ್ಲಿ ಬರೆದ 'ಸೂಪಶಾಸ್ತ್ರ' ಅಡುಗೆಗೇ ಮೀಸಲಾದ ಕನ್ನಡ ಗ್ರಂಥ.

ಮಲೆನಾಡಿನಲ್ಲಿ ಮುರುಗಲಿನ ಶರಬತ್ತು ಮಾಡುವ ಬಗೆಯನ್ನೇ ನೋಡಿ. ಹಣ್ಣನ್ನು ಬಿಡಿಸಿ, ಸಿಪ್ಪೆಯನ್ನೂ ಸಕ್ಕರೆಯನ್ನೂ ಪದರಪದರವಾಗಿ ಗಾಜಿನ ಇಲ್ಲವೇ ಪಿಂಗಾಣಿಯ ಪಾತ್ರೆಯಲ್ಲಿ ತುಂಬಿ ಮುಚ್ಚಿಡುತ್ತಾರೆ. ನೀರು ಹಾಕುವುದಿಲ್ಲ, ಒಲೆಯ ಮೇಲಿಡುವುದಿಲ್ಲ. ಆದರೂ ಕೆಲವು ದಿನಗಳಲ್ಲಿ ಪಾತ್ರೆಯ ತುಂಬ ಕಡುಗೆಂಪು ರಸ! ಇದು ಅಭಿಸರಣೆಯ ಕೆಲಸ. ಹೊರಗಿನ ಸಕ್ಕರೆಯ ಸಾಂದ್ರತೆ ಹೆಚ್ಚಿರುವುದರಿಂದ ಸಿಪ್ಪೆಯ ಜೀವಕೋಶಗಳೊಳಗಿನ ನೀರು ಹೊರಬರುತ್ತದೆ. ಕೋಶಗಳು ಸತ್ತು ಪೊರೆ ಸಡಿಲವಾದಂತೆ ಆಮ್ಲ ಮತ್ತು ಬಣ್ಣವೂ ಹೊರಕ್ಕೆ ಹರಿಯುತ್ತವೆ. ರಸದಲ್ಲಿ ಬೀಳುವ ಸೂಕ್ಷ್ಮಜೀವಿಗಳೂ ಇದೇ ರೀತಿ ನೀರು ಕಳೆದುಕೊಳ್ಳುವುದರಿಂದ ಶರಬತ್ತು ಕೆಡದೆ ಉಳಿಯುತ್ತದೆ.

ಕವಳಿಯ ಕಥೆ ಬೇರೆ. ಅದರಲ್ಲಿ ಪೆಕ್ಟಿನ್ ಎಂಬ ವಸ್ತು ಹೇರಳ. ಇದಕ್ಕೆ ಹೆಸರಿಟ್ಟವನು ಫ್ರಾನ್ಸಿನ ಬ್ರಾಕೊನೊ, 1825ರಲ್ಲಿ. ಸಾಕಷ್ಟು ಹುಳಿ, ಶೇ. 60ಕ್ಕಿಂತ ಹೆಚ್ಚು ಸಕ್ಕರೆ ಇದ್ದಾಗ ಪೆಕ್ಟಿನ್ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಜೆಲ್ಲಿಯಾಗುತ್ತವೆ. ಹುಳಿ ಸಾಲದ ಹಣ್ಣಿಗೆ ನಿಂಬೆರಸ ಹಿಂಡುವುದು ಇದೇ ಕಾರಣಕ್ಕೆ.

ನಿಂಬೆ ಕಲಿಸಿದ ಪಾಠ

1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ರೋಗ ತಗಲಿದ್ದ 12 ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ವಿನಿಗರ್, ಇನ್ನೊಂದಕ್ಕೆ ದುರ್ಬಲ ಗಂಧಕಾಮ್ಲ, ಮತ್ತೊಂದಕ್ಕೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ - ಹೀಗೆ ಬೇರೆ ಬೇರೆ ಉಪಚಾರ ಕೊಟ್ಟ. ಬೇಗ ಗುಣಮುಖರಾದವರು ಹಣ್ಣು ತಿಂದವರು. ಗಮನಿಸಿ: ವಿನಿಗರ್ ಹುಳಿ, ಗಂಧಕಾಮ್ಲವೂ ಹುಳಿ, ಅವುಗಳಿಂದ ರೋಗ ವಾಸಿಯಾಗಲಿಲ್ಲ. ಅಂದರೆ ಗುಣಪಡಿಸಿದ್ದು ಹುಳಿಯಲ್ಲ ಎಂಬ ಸೂಚನೆ ಆ ಪ್ರಯೋಗದಲ್ಲೇ ಇತ್ತು.

1784ರಲ್ಲಿ ಸ್ವೀಡನ್ನಿನ ಷೀಲೆ ನಿಂಬೆರಸದಿಂದ ಸಿಟ್ರಿಕ್ ಆಮ್ಲದ ಹರಳುಗಳನ್ನು ಬೇರ್ಪಡಿಸಿದ. 1795ರಿಂದ ಬ್ರಿಟಿಷ್ ನೌಕಾಪಡೆ ನಾವಿಕರಿಗೆ ನಿಂಬೆರಸ ಕೊಡತೊಡಗಿತು, ಸ್ಕರ್ವಿ ಇಳಿಯಿತು. ಆದರೆ ಗುಣ ಹುಳಿಯಲ್ಲೇ ಇದೆಯೆಂಬ ನಂಬಿಕೆ ಹೋಗಲಿಲ್ಲ. 1860ರ ದಶಕದಲ್ಲಿ ಮೆಡಿಟರೇನಿಯನ್ ಪ್ರದೇಶದ ದೊಡ್ಡ ನಿಂಬೆಯ ಬದಲು ವೆಸ್ಟ್ ಇಂಡೀಸ್‌ನ, ನಮ್ಮ ನಿಂಬೆಯಂಥ ಚಿಕ್ಕ ಹಣ್ಣಿನ ರಸ ಬಳಕೆಗೆ ಬಂತು. ಹುಳಿಯಲ್ಲಿ ಅದೇನೂ ಕಡಿಮೆಯಿರಲಿಲ್ಲ. ಆದರೂ 1875-76ರ ಆರ್ಕ್‌ಟಿಕ್ ಯಾತ್ರೆಯಲ್ಲಿ ನಾವಿಕರು ಮತ್ತೆ ಸ್ಕರ್ವಿಗೆ ತುತ್ತಾದರು. ಆ ರಸದಲ್ಲಿ ರೋಗ ತಡೆಯುವ ಅಂಶ ತೀರ ಕಡಿಮೆ ಎಂಬುದನ್ನು 1918ರಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರು ತೋರಿಸಿದರು. ಜೆಂಟ್-ಜ್ಯೋರ್ಜಿ 1928ರಲ್ಲಿ ಪ್ರತ್ಯೇಕಿಸಿದ ವಸ್ತುವೇ ಸಿ ಜೀವಸತ್ತ್ವ ಎಂದು 1932ರಲ್ಲಿ ಖಚಿತವಾಯಿತು. ನೆಲ್ಲಿಕಾಯಿಯಲ್ಲಿ ಈ ಜೀವಸತ್ತ್ವ ನಿಂಬೆಗಿಂತ ಹಲವು ಪಟ್ಟು ಹೆಚ್ಚು. ನಾಲಿಗೆಗೆ ಅದು ತಿಳಿಯುವುದಿಲ್ಲ.

ಇನ್ನೊಂದು ಸ್ವಾರಸ್ಯ. 1917ರಲ್ಲಿ ಜೇಮ್ಸ್ ಕರಿ ಎಂಬಾತ ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟು ಸಕ್ಕರೆಯಿಂದ ಸಿಟ್ರಿಕ್ ಆಮ್ಲ ತಯಾರಿಸಬಲ್ಲದೆಂದು ತೋರಿಸಿದ. ಇಂದು ಸೀಸೆಯ ಪಾನೀಯಗಳಿಗೆ ಸೇರಿಸುವ ಸಿಟ್ರಿಕ್ ಆಮ್ಲ ಬಹುಪಾಲು ಈ ಬೂಷ್ಟಿನಿಂದ ಬಂದದ್ದು, ನಿಂಬೆಯಿಂದಲ್ಲ.

ಮೈಸೂರಿನಲ್ಲಿ ಬಿಡಿಸಿದ ಒಗಟು

ಮುರುಗಲಿನ ಹತ್ತಿರದ ಬಂಧು ಉಪ್ಪಾಗೆ. ಮಲೆನಾಡಿನವರು ಅದರ ಒಣಸಿಪ್ಪೆಯನ್ನು ಹುಳಿಗೆ, ಬೀಜದ ತುಪ್ಪವನ್ನು ಕರಿಯಲು ಬಳಸುತ್ತ ಬಂದವರು. ಅದರ ಹುಳಿಯನ್ನು ಕೆಲವರು ಟಾರ್ಟಾರಿಕ್ ಆಮ್ಲವೆಂದರು, ಕೆಲವರು ಸಿಟ್ರಿಕ್ ಆಮ್ಲವೆಂದರು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಅದು ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವೆಂದು ಸ್ಥಾಪಿಸಿದರು. ಸಿಟ್ರಿಕ್ ಆಮ್ಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಆಕ್ಸಿಜನ್ ಪರಮಾಣು. ಆದರೆ ಪರಿಣಾಮ ದೊಡ್ಡದು. ದೇಹದಲ್ಲಿ ಕೊಬ್ಬು ತಯಾರಿಕೆಗೆ ನೆರವಾಗುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು 1969ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಕಂಡರು.

ಮುಂದೆ ಆದದ್ದೇನು? 1990ರ ದಶಕದಲ್ಲಿ 'ಬೊಜ್ಜು ಕರಗಿಸುವ ಔಷಧ' ಎಂಬ ಹೆಸರಿನಲ್ಲಿ ಉಪ್ಪಾಗೆ ಸಿಪ್ಪೆಗೆ ವಿದೇಶಗಳಲ್ಲಿ ಬೇಡಿಕೆ ಹುಟ್ಟಿತು. ಪಶ್ಚಿಮಘಟ್ಟದ ಕಾಡುಗಳಲ್ಲಿ ಪೈಪೋಟಿ ಆರಂಭವಾಯಿತು. ಬೇರೆಯವರು ಕೊಯ್ಯುವ ಮೊದಲೇ ಎಂದು ಬಲಿಯದ ಕಾಯಿ ಕಿತ್ತರು, ಕೊಂಬೆ ಕಡಿದರು. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಸಿಪ್ಪೆ ಒಣಗಿಸಲು ಬೆಂಕಿ ಬೇಕು, ಬೆಂಕಿಗೆ ಸೌದೆ ಬೇಕು. ಹೀಗೆ ಕಾಡಿಗೆ ಎರಡು ಕಡೆಯಿಂದ ಪೆಟ್ಟು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ, ಈ ಆಮ್ಲ ಸೇವಿಸಿದವರಿಗೂ ಹುಸಿಮಾತ್ರೆ ಸೇವಿಸಿದವರಿಗೂ ತೂಕ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳೂ ಮುಂದೆ ಬಂದವು. ಪ್ರನಾಳದಲ್ಲಿ ಕಂಡದ್ದೆಲ್ಲ ದೇಹದಲ್ಲಿ ನಡೆಯುವುದಿಲ್ಲ. ಇದು ವಿದ್ಯಾರ್ಥಿಗಳು ನೆನಪಿಡಬೇಕಾದ ಮಾತು.

ಕಾನು ಉಳಿದರೆ ಹಣ್ಣು

ಹೊಸಬಾಳೆ ಇರುವ ಸೊರಬ ತಾಲ್ಲೂಕು 'ಕಾನು'ಗಳಿಗೆ ಹೆಸರಾದದ್ದು. ಒಣಗಾಡು, ಗದ್ದೆಗಳ ನಡುವೆ ದ್ವೀಪಗಳಂತೆ ಉಳಿದ ನಿತ್ಯಹಸಿರಿನ ಕಾಡುಗಳಿವು. ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಈ ತಾಲ್ಲೂಕಿನ ಕಾನುಗಳ ಬಗೆಗೇ ಒಂದು ಜಂಟಿ ವರದಿ ಬರೆದರು. ಆಗ ಇಲ್ಲಿ ನೂರಕ್ಕೂ ಹೆಚ್ಚು ಕಾನುಗಳಿದ್ದವು. ಜನ ಅವುಗಳಿಂದ ಕಾಳುಮೆಣಸು ಮೊದಲಾದ ಕಾಡುತ್ಪನ್ನ ಪಡೆಯುತ್ತಿದ್ದರು, ದೇವರ ನೆಲೆಯೆಂದು ಕಾಯುತ್ತಲೂ ಇದ್ದರು. ಸಾಗುವಳಿ, ಒತ್ತುವರಿ, ಮರ ಕಡಿತಗಳಿಂದ ಅನೇಕ ಕಾನುಗಳು ಕುಗ್ಗಿವೆ. ಹಣ್ಣು ಬೇಕೆನ್ನುವವರು ಮರವನ್ನಷ್ಟೇ ಅಲ್ಲ, ಮರ ನಿಂತ ನೆರಳನ್ನೂ ಉಳಿಸಬೇಕು.

ಶಿಕ್ಷಕರೇ, ಈ ಬೇಸಿಗೆಯಲ್ಲಿ ಎರಡು ಪ್ರಯೋಗ ಮಾಡಿಸಿ. ಮುರುಗಲ ಸಿಪ್ಪೆಗೆ ಸಕ್ಕರೆ ಉದುರಿಸಿ, ರಸ ಎಷ್ಟು ಹೊತ್ತಿಗೆ ಒಸರುತ್ತದೆಂದು ಮಕ್ಕಳು ಬರೆದಿಡಲಿ. ಬಳಿಕ ಸ್ವಲ್ಪ ರಸವನ್ನು ನೀರಿಗೆ ಬೆರೆಸಿ ಅಡುಗೆ ಸೋಡ ಹಾಕಲಿ. ಆಂತೊಸಯನಿನ್ ಎಂಬ ವರ್ಣಕದಿಂದಾಗಿ ಕೆಂಪು ಮಾಯವಾಗಿ ನೀಲಿ-ಹಸಿರಿನ ಛಾಯೆ ಮೂಡುತ್ತದೆ. ತಡಮಾಡದೆ ನಿಂಬೆರಸ ಹಿಂಡಿದರೆ ಕೆಂಪು ಮರಳುತ್ತದೆ. ಪರೀಕ್ಷೆಗೆ ಬಳಸಿದ್ದನ್ನು ಚೆಲ್ಲಿ; ಉಳಿದ ರಸಕ್ಕೆ ತಣ್ಣೀರು, ಚಿಟಿಕೆ ಉಪ್ಪು, ಜೀರಿಗೆ ಪುಡಿ ಸೇರಿಸಿ ಎಲ್ಲರೂ ಕುಡಿಯಿರಿ. ಬೀಜಗಳನ್ನು ಮಾತ್ರ ಎಸೆಯಬೇಡಿ. ತೊಳೆದು, ನೆರಳಿನಲ್ಲಿ ಆರಿಸಿ, ಮೊದಲ ಮಳೆಗೆ ಶಾಲೆಯ ಬೇಲಿಯ ಬದಿಯಲ್ಲಿ ಊರಿ.